ಏಳು ಪ್ರಶ್ನೆ ಕೇಳಿದರು, ಕೇಳಲೇಬೇಕಾದ ಒಂದನ್ನು ಕೇಳಲಿಲ್ಲ

ಮನೆಯವರಿಗಾಗಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಆನ್‌ಲೈನ್ ಮಳಿಗೆಗಳಲ್ಲಿ “ಸರಿಯಾದ ಉಪಕರಣ ಆರಿಸಲು ನೆರವಾಗುತ್ತೇವೆ” ಎಂದು ‘ಆಯ್ಕೆ ಸಹಾಯಕ’ ತೆರೆದುಕೊಳ್ಳುತ್ತದಲ್ಲ, ಅದನ್ನು ನಂಬಿ ಮೋಸಹೋದೆ. ಮೋಸಹೋದವಳು ನಾನು, ಉಸಿರಿಗಾಗಿ ಒದ್ದಾಡಿದವಳು ನನ್ನ ಅಮ್ಮ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಅಮ್ಮನಿಗೆ ಸಿಒಪಿಡಿ, ಉಸಿರಾಟ ಕಷ್ಟವಾಗುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ. ನಿಮಿಷಕ್ಕೆ 2 ಲೀಟರ್ ಆಮ್ಲಜನಕ, ದಿನಕ್ಕೆ ಕನಿಷ್ಠ 15 ಗಂಟೆ, ನಿದ್ದೆಯಲ್ಲೂ ಬೇಕು ಎಂದು ವೈದ್ಯರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಉತ್ತರ ಒತ್ತುತ್ತಾ ಹೋದೆ. ಯಾರಿಗಾಗಿ? ವಯಸ್ಸೆಷ್ಟು? ಪ್ರಯಾಣ ಮಾಡುತ್ತಾರೆಯೇ? ಹಗುರವಾಗಿರಬೇಕೇ? ಸದ್ದು ಕಡಿಮೆ ಇರಬೇಕೇ? ಎಷ್ಟು ಖರ್ಚು ಮಾಡಬಲ್ಲಿರಿ? ಎಷ್ಟು ಬೇಗ ಬೇಕು? ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳಲಿಲ್ಲ. ಮಲಗುವಾಗ ಬೇಕೇ ಎಂದು ಕೇಳಲಿಲ್ಲ. ಮುಂದೆ ಕೇಳಬಹುದು ಎಂದುಕೊಳ್ಳುವಷ್ಟರಲ್ಲಿ “ನಿಮಗೆ ಶೇ 98 ಹೊಂದಾಣಿಕೆ” ಎಂದು ಪುಟ್ಟ ಯಂತ್ರವೊಂದನ್ನು ತೋರಿಸಿತು. ಅದರ ಮೇಲೆ 1ರಿಂದ 5ರವರೆಗೆ ಅಂಕಿಗಳು. 2 ಎಂದರೆ 2 ಲೀಟರ್ ಎಂದುಕೊಂಡೆ. ನೀವೂ ಹಾಗೆಯೇ ಅಂದುಕೊಳ್ಳುತ್ತಿದ್ದಿರಿ.

ಅದು ಪಲ್ಸ್ ಯಂತ್ರ. ಉಸಿರು ಒಳಗೆಳೆದಾಗ ಮಾತ್ರ ಒಂದು ಗುಟುಕು ಆಮ್ಲಜನಕ ಬಿಡುತ್ತದೆ, ನಿರಂತರವಾಗಿ ಹರಿಸುವುದಿಲ್ಲ. ಆ ಅಂಕಿ ಗುಟುಕಿನ ಗಾತ್ರ ಹೇಳುತ್ತದೆಯೇ ಹೊರತು ಲೀಟರ್ ಅಲ್ಲ. ನಿದ್ದೆಯಲ್ಲಿ ಉಸಿರು ಮೆಲ್ಲಗಾದರೆ, ಬಾಯಿಯಿಂದ ಆಡಿದರೆ, ಯಂತ್ರಕ್ಕೆ ಅದು ತಿಳಿಯದೇ ಹೋಗಬಹುದು. ಅಮ್ಮ ಮಲಗುವುದೇ ಬಾಯಿ ತೆರೆದು.

ಮೊದಲ ರಾತ್ರಿ ಎರಡು ಗಂಟೆಗೆ ಯಂತ್ರ ಕೂಗಿಕೊಂಡಿತು. ಎದ್ದು ನೋಡಿದರೆ ಅಮ್ಮನ ತುಟಿ ನೀಲಿಗಟ್ಟಿತ್ತು, ಬೆರಳಿನ ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕ ಶೇ 81. ಮೂಗಿನ ನಳಿಕೆ ಸರಿಪಡಿಸಿದೆ, 3ಕ್ಕೆ ಏರಿಸಿದೆ, 5ಕ್ಕೆ ಏರಿಸಿದೆ. ದಿಂಬಿಗೆ ಒರಗಿಸಿ ಕೂರಿಸಿ, ಮೂಗಿನಿಂದ ಎಳೆದುಕೋ ಅಮ್ಮಾ, ಮೂಗಿನಿಂದ ಎಂದು ಹೇಳುತ್ತಲೇ ಇದ್ದೆ. 88ಕ್ಕೆ ಬಂದ ಮೇಲೆ ಆಸ್ಪತ್ರೆಗೆ ಓಡಿದೆವು. ಅಲ್ಲಿ ವೈದ್ಯರು ಯಂತ್ರದ ಕೈಪಿಡಿ ತಿರುವಿ ಒಂದು ಸಣ್ಣ ಸಾಲಿನ ಮೇಲೆ ಬೆರಳಿಟ್ಟರು: ಈ ಅಂಕಿಗಳು ನಿಮಿಷಕ್ಕೆ ಲೀಟರ್‌ಗೆ ಸಮನಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಮಳಿಗೆಗೆ ಕರೆ ಮಾಡಿದೆ. “ಮೇಡಂ, ಅದು ಮಾಹಿತಿಗಾಗಿ ಮಾತ್ರ. ಆಯ್ಕೆ ಮಾಡಿದ್ದು ನೀವು.” ಹಾಗಾದರೆ ಶೇ 98 ಎಂದವರು ಯಾರು? “ನಿಮ್ಮ ಉತ್ತರಗಳ ಮೇಲೆ ಬಂದದ್ದು, ಮೇಡಂ.” ಲೀಟರ್ ಕೇಳಲೇ ಇಲ್ಲವಲ್ಲ? “ವೈದ್ಯಕೀಯ ಸಲಹೆ ನಾವು ಕೊಡುವುದಿಲ್ಲ, ಮೇಡಂ.” ವಾಪಸ್ ತೆಗೆದುಕೊಳ್ಳಿ ಎಂದರೆ, ಮೂಗಿಗೆ ಹಾಕಿದ ಉಪಕರಣ, ಸ್ವಚ್ಛತೆಯ ಕಾರಣಕ್ಕೆ ಆಗುವುದಿಲ್ಲ ಎಂದರು. ಮೂಗಿಗೆ ಹಾಕಿದ್ದು ನಳಿಕೆ ಮಾತ್ರ, ಅದನ್ನು ಎಸೆಯುತ್ತೇನೆ, ಯಂತ್ರ ತೆಗೆದುಕೊಳ್ಳಿ ಎಂದೆ. ಮತ್ತೆ ಅದೇ ಮಾತು. ಮೂರು ಬಾರಿ ಅದೇ ಮಾತು.

ಸಿಟ್ಟಿನಲ್ಲಿ ಆ ಸಹಾಯಕವನ್ನು ಮತ್ತೆ ತೆರೆದೆ. ಪ್ರಯಾಣ ಇಲ್ಲ, ಭಾರವಾದರೂ ಸರಿ, ಸದ್ದಾದರೂ ಸರಿ ಎಂದು ಒತ್ತಿದೆ. ಅದೇ ಯಂತ್ರ, ಶೇ 98. ವಯಸ್ಸು 10 ಎಂದೆ. ಅದೇ ಯಂತ್ರ, ಅದೇ ಶೇ 98. ಕೈ ನಡುಗಿತು. ಅಮ್ಮನ ಬಗ್ಗೆ ನಾನು ಅಷ್ಟು ಯೋಚಿಸಿ ಕೊಟ್ಟ ಉತ್ತರಗಳು ಎಲ್ಲಿಗೂ ಹೋಗಿರಲೇ ಇಲ್ಲ! ಎರಡನೆಯದಾಗಿ ತೋರಿಸಿದ್ದು “1–7 ಲೀಟರ್” ಎಂಬ ಅಗ್ಗದ ಯಂತ್ರ. ವಿವರದ ಕೊನೆಯಲ್ಲಿ ಶುದ್ಧತೆ 1 ಲೀಟರ್‌ಗೆ ಶೇ 93, 7 ಲೀಟರ್‌ಗೆ ಶೇ 30 ಎಂದಿತ್ತು. ಮನೆಯ ಗಾಳಿಯಲ್ಲೇ ಶೇ 21 ಆಮ್ಲಜನಕವಿದೆ. ಅದನ್ನು ರೋಗಿಗೆ ಕೊಳ್ಳಿ ಎಂದು ಹೇಳಲು ಮನಸ್ಸಾದರೂ ಹೇಗೆ ಬರುತ್ತದೆ?

ಚೀಟಿಯ ಲೀಟರ್ ಕೇಳದ ಆಯ್ಕೆ ಸಹಾಯಕವನ್ನು ಅಲ್ಲೇ ಮುಚ್ಚಿ. ನಿರಂತರವೋ ಪಲ್ಸೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಿಮಗೆ ಬೇಕಾದ ಲೀಟರ್‌ನಲ್ಲಿ ಶುದ್ಧತೆ ಶೇ 90ರ ಮೇಲಿದೆಯೇ ನೋಡಿ. ಇಂಥದ್ದನ್ನು ರೂಪಿಸುವವರು ಯಾರಾದರೂ ಓದುತ್ತಿದ್ದರೆ, ಮೊದಲ ಪ್ರಶ್ನೆ ಚೀಟಿಯಲ್ಲಿ ಎಷ್ಟು ಲೀಟರ್ ಎಂಬುದೇ ಇರಲಿ. ಗೊತ್ತಿಲ್ಲ ಎಂದವರಿಗೆ ಯಾವ ಯಂತ್ರವನ್ನೂ ತೋರಿಸಬೇಡಿ, ವೈದ್ಯರನ್ನು ಕೇಳಿ ಬನ್ನಿ ಎಂದು ಅಲ್ಲಿಗೇ ನಿಲ್ಲಿಸಿ.

ಅಮ್ಮ ಈಗ ಬಾಡಿಗೆಗೆ ತಂದ ನಿರಂತರ ಹರಿವಿನ ಯಂತ್ರದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಆ ಆಯ್ಕೆ ಸಹಾಯಕ ಇಂದು ಬೆಳಿಗ್ಗೆಯೂ ಹಾಗೆಯೇ ಇತ್ತು. ಅವೇ ಏಳು ಪ್ರಶ್ನೆಗಳು.