ಲಿಟಲ್ ಮಾರ್ಕ್ 3, ಎರಡು ಬಾಕ್ಸ್, ಒಂದು ಪ್ಲಾಸ್ಟಿಕ್ ಕುರ್ಚಿ: ಆರು ವರ್ಷ ಬಳಸಿದ ಮೇಲೆ

ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಮಂಡ್ಯ, ಚಾಮರಾಜನಗರ, ಹಾಸನ ಅಂತ ಓಡಾಟ. ಆಮೇಲೆ ಜಾತ್ರೆಗಳು, ನಡುನಡುವೆ ಮದುವೆ ರಿಸೆಪ್ಷನ್. ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಹೊಡೆದು ಮುಗಿಸುವ ಕಾಲ ಇದು. ಬೇಸ್‌ಗೆ ಅಂತಲೇ ಒಬ್ಬನನ್ನು ಕರೆದೊಯ್ಯುವ ತಂಡಗಳು ಕಡಿಮೆ, ವ್ಯಾನಿನಲ್ಲಿ ಅವನಿಗೆ ಸಿಗುವ ಜಾಗ ಇನ್ನೂ ಕಡಿಮೆ. ಮುಂದೆ ತೂಕದ ಮಾತು ಪದೇ ಪದೇ ಬಂದರೆ ಅದಕ್ಕೇ.

ಈಗಿನ ಸೆಟ್ ಇಷ್ಟು: ಇಟಲಿಯ ಮಾರ್ಕ್‌ಬಾಸ್ ಕಂಪನಿಯ ಲಿಟಲ್ ಮಾರ್ಕ್ 3 ಹೆಡ್ (ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್ಲಿಫೈಯರ್), ಅದೇ ಕಂಪನಿಯ ನ್ಯೂಯಾರ್ಕ್ 121 ಬಾಕ್ಸ್ (12 ಇಂಚಿನ ಒಂದೇ ಸ್ಪೀಕರ್, 8 ಓಮ್; ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ), ಮತ್ತು ನಮ್ಮ ಏರಿಯಾದ ಆಚಾರ್ರು ಮಾಡಿಕೊಟ್ಟ ಇನ್ನೊಂದು 12 ಇಂಚಿನ ಬಾಕ್ಸ್. ಹೆಡ್ಡೂ ಮೊದಲ ಬಾಕ್ಸೂ ಸೆಕೆಂಡ್ ಹ್ಯಾಂಡ್. ಈಗ ಹೆಡ್‌ನ ಹೊಸ ಮಾದರಿ ಬಂದಿದೆ, ಆದರೆ ಹಳೆಯದು ಇನ್ನೂ ಕೈಯಿಂದ ಕೈಗೆ ಓಡಾಡುತ್ತಲೇ ಇದೆ.

ಇದಕ್ಕೆ ಮೊದಲು ನನ್ನ ಹತ್ತಿರ ಇದ್ದದ್ದು 15 ಇಂಚು ಸ್ಪೀಕರಿನ ಒಂದು ಕಾಂಬೊ, ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಹೆಸರು ಬೇಡ. ಮುಂದೆ ದೊಡ್ಡದಾಗಿ ವ್ಯಾಟ್ ಬರೆದಿತ್ತು, ನೋಡಿ ಮರುಳಾದೆ. ಟೇಪ್‌ರೆಕಾರ್ಡರ್ ಮೇಲೆ ‘ಪಿಎಂಪಿಒ’ ಅಂತ ಸಾವಿರಾರು ವ್ಯಾಟ್ ಬರೆದದ್ದನ್ನು ನೋಡುತ್ತಾ ಬೆಳೆದ ತಲೆಮಾರು ನಮ್ಮದು, ವ್ಯಾಟ್ ಅಂದರೆ ಸೌಂಡ್ ಅಂತಲೇ ತಿಳಿದಿದ್ದೆವು. ಮೂವತ್ತು ಕಿಲೋ ಮೇಲಿದ್ದ ಆ ಕಾಂಬೊ ಹೊತ್ತು ಕಲ್ಯಾಣ ಮಂಟಪದ ಮೆಟ್ಟಿಲು ಹತ್ತಿದ್ದಕ್ಕೆ ಬೆನ್ನು ಇವತ್ತಿಗೂ ಲೆಕ್ಕ ಕೇಳುತ್ತದೆ. ಇಷ್ಟು ಮಾಡಿಯೂ ಡ್ರಮ್ಸ್ ಶುರುವಾದ ಕೂಡಲೇ ನನ್ನ ಬೇಸ್ ನನಗೇ ಕೇಳುತ್ತಿರಲಿಲ್ಲ. ಎಲ್ಲೋ ಪಕ್ಕದ ಬೀದಿಯಲ್ಲಿ ಲಾರಿ ನಿಂತು ಗುರ್ ಅಂದ ಹಾಗೆ.

ಹೊಸದು ಕೊಳ್ಳುವ ಮುಂಚೆ ಒಂದಿಷ್ಟು ಓದಿಕೊಂಡೆ. ಮೊದಲು ತಲೆಗೆ ಹೊಡೆದದ್ದು ಡೆಸಿಬೆಲ್ ಲೆಕ್ಕ. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್, ಅಂದರೆ ಕಿವಿಗೆ ‘ಹೂಂ, ಸ್ವಲ್ಪ ಜಾಸ್ತಿ ಆಯ್ತು’ ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಇತ್ತ ಬಾಕ್ಸ್‌ಗಳ ಸೆನ್ಸಿಟಿವಿಟಿ ನೋಡಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಒಂದು 94 ಡೆಸಿಬೆಲ್, ಇನ್ನೊಂದು 100 ಡೆಸಿಬೆಲ್ ಅಂತಿದ್ದರೆ, ಎರಡನೆಯದಕ್ಕೆ 100 ವ್ಯಾಟ್ ಹಾಕಿದಾಗ ಬರುವ ಸೌಂಡ್ ಮೊದಲನೆಯದಕ್ಕೆ 400 ವ್ಯಾಟ್ ಹಾಕಿದರೆ ಬರುತ್ತದೆ. ಅಂಗಡಿಯಲ್ಲಿ ಯಾರೂ ಈ ನಂಬರ್ ಹೇಳುವುದಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಹಾಗಾಗಿ ಈ ಸಲ ಬಾಕ್ಸ್ ಮೊದಲು ಆರಿಸಿ, ಅದಕ್ಕೆ ಹೊಂದುವ ಹೆಡ್ ಹುಡುಕಿದೆ. ಯಾರಾದರೂ ಕೇಳಿದರೆ ಈಗಲೂ ಅದೇ ಕ್ರಮ ಹೇಳುತ್ತೇನೆ.

ಹೆಡ್‌ನಿಂದ ಶುರು ಮಾಡುತ್ತೇನೆ. ತೂಕ ಮೂರು ಕಿಲೋ ಒಳಗೆ, ಗಿಟಾರ್ ಬ್ಯಾಗಿನ ಜೇಬಿಗೆ ಸ್ವಲ್ಪ ಒತ್ತಿದರೆ ಹೋಗುತ್ತದೆ. 4 ಓಮ್‌ಗೆ 500 ವ್ಯಾಟ್, 8 ಓಮ್‌ಗೆ 300 ವ್ಯಾಟ್. ಈಕ್ಯೂ, ಅಂದರೆ ಕೆಳದನಿ, ನಡುದನಿ, ಮೇಲ್ದನಿ ಬೇರೆ ಬೇರೆಯಾಗಿ ಏರಿಸಿ ಇಳಿಸುವುದಕ್ಕೆ, ನಾಲ್ಕು ನಾಬ್: 40, 360, 800 ಹರ್ಟ್ಜ್ ಮತ್ತು 10 ಕಿಲೋಹರ್ಟ್ಜ್. ಇವುಗಳ ಜೊತೆ ವಿಪಿಎಫ್, ವಿಎಲ್ಇ ಅಂತ ಎರಡು ಫಿಲ್ಟರ್. ವಿಪಿಎಫ್ ತಿರುಗಿಸಿದರೆ ನಡುವಿನ ದನಿ ತಗ್ಗಿ ಕೆಳಗಿನದೂ ಮೇಲಿನದೂ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಒಬ್ಬನೇ ಕೂತು ನುಡಿಸುವಾಗ ಸ್ವರ್ಗ. ತಂಡದ ನಡುವೆ ತಿರುಗಿಸಿದಿರೋ, ಬೇಸ್ ಮಾಯ. ಮೊದಲ ವರ್ಷ ಅದನ್ನು ಅರ್ಧಕ್ಕೆ ಇಟ್ಟುಕೊಂಡು ‘ಸೌಂಡ್ ಸಾಲದು’ ಅಂತ ಗೊಣಗಿದ್ದೇನೆ. ಈಗ ಐದು ವರ್ಷದಿಂದ ಅದು ಸೊನ್ನೆಯಲ್ಲೇ ಇದೆ. ವಿಎಲ್ಇ ಮೇಲಿನ ಕಿರುಚಲನ್ನು ಕತ್ತರಿಸಿ ಹಳೆಯ ಬಾಕ್ಸಿನ ದನಿ ಕೊಡುತ್ತದೆ. ಎಂಬತ್ತರ ದಶಕದ ಹಾಡು ಬಂದಾಗ ಸ್ವಲ್ಪ ತಿರುಗಿಸಿ, ಮುಂದಿನ ಹಾಡಿಗೆ ವಾಪಸ್ ತರುತ್ತೇನೆ.

40 ಹರ್ಟ್ಜ್ ನಾಬ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೇಸ್‌ನ ದಪ್ಪ ಇ ತಂತಿ ತೆರೆದು ಮೀಟಿದರೆ 41 ಹರ್ಟ್ಜ್. ‘ಹಾಗಾದರೆ 40 ಎತ್ತಿದರೆ ಬೇಸ್ ಬರುತ್ತದಲ್ಲ’ ಅಂತ ಎಲ್ಲರೂ ಮೊದಲು ಅದನ್ನೇ ತಿರುಗಿಸುತ್ತಾರೆ. ಅಲ್ಲಿ 10 ಡೆಸಿಬೆಲ್ ಎತ್ತಿದರೆ ಆ ಸ್ವರಗಳಿಗೆ ಹತ್ತು ಪಟ್ಟು ವ್ಯಾಟ್ ಹೋಗಬೇಕು. 30 ವ್ಯಾಟಿನಲ್ಲಿ ಹಾಯಾಗಿ ನಡೆಯುತ್ತಿದ್ದ ಹೆಡ್ 300ಕ್ಕೆ ಬಂದು ಏದುಸಿರು ಬಿಡುತ್ತದೆ. ಸ್ಪೀಕರಿಗೂ ಅಷ್ಟೇ ಕಷ್ಟ: ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಅಷ್ಟೇ ಜೋರಾಗಿ ಕೇಳಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಓಡಬೇಕು. ನನ್ನ ಹಳೆಯ ಕಾಂಬೊ ಸ್ಪೀಕರ್ ಹರಿದದ್ದು ಹೀಗೇ. ತಪ್ಪು ಕಾಂಬೊದ್ದಲ್ಲ, ನನ್ನ ಕೈಯದು. ಈಗ 40 ಮಧ್ಯದಲ್ಲಿ, ಕೆಲವು ಕಡೆ ಅದಕ್ಕಿಂತ ಸ್ವಲ್ಪ ಕೆಳಗೆ. 360 ಅಥವಾ 800 ಒಂಚೂರು ಮೇಲೆ. ಸ್ವರ ಗುರುತು ಸಿಗುವುದೇ ಅಲ್ಲಿ.

ದೊಡ್ಡ ಬಾಕ್ಸ್ ಬಗ್ಗೆಯೂ ನಮ್ಮಲ್ಲಿ ಒಂದು ಭ್ರಮೆ ಇದೆ. ಆಂಪೆಗ್ ಕಂಪನಿ 1969ರಲ್ಲಿ 300 ವ್ಯಾಟಿನ ವಾಲ್ವ್ ಹೆಡ್ ಎಸ್‌ವಿಟಿ ತಂದಿತು, ಅದರ ಜೊತೆಗೆ ಎಂಟು 10 ಇಂಚಿನ ಸ್ಪೀಕರ್ ಇರುವ ಎದೆಮಟ್ಟದ ಬಾಕ್ಸ್. ನುಡಿಸುವವರು ಅದನ್ನು ಫ್ರಿಜ್ ಅಂತಲೇ ಕರೆಯುತ್ತಾರೆ. ಈಗಿನ ಎಂಟು ಸ್ಪೀಕರಿನ ಆ ಬಾಕ್ಸ್ ಒಂದೇ 60 ಕಿಲೋ ದಾಟುತ್ತದೆ. ಅಷ್ಟು ದೊಡ್ಡ ಪೆಟ್ಟಿಗೆ, ನೆಲ ಅದುರಿಸುವಷ್ಟು ಕೆಳಗೆ ಇಳಿಯುತ್ತದೆ ಅಂದುಕೊಂಡಿದ್ದೆ. ಅವರದೇ ಸ್ಪೆಸಿಫಿಕೇಶನ್ ಓದಿದರೆ 58 ಹರ್ಟ್ಜ್ ಹೊತ್ತಿಗೇ 3 ಡೆಸಿಬೆಲ್ ಇಳಿದಿರುತ್ತದೆ! ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ, ಎಂಟು ಸ್ಪೀಕರ್ ಸೇರಿ ತಳ್ಳುವ ಗಾಳಿ, ಎದೆಗೆ ಬಡಿಯುವ ನಡು ದನಿ: ಅದರ ಹೆಸರು ನಿಂತಿರುವುದು ಇವುಗಳ ಮೇಲೆ. ಇ ತಂತಿಯ 41 ಹರ್ಟ್ಜ್ ಮೂಲ ಸ್ವರ ಮಂದವಾದರೂ ಅದರ ಮೇಲಿನ 82 ಹರ್ಟ್ಜ್ ಸ್ವರಾಂಶ ಕೇಳಿದರೆ ಸಾಕು, ಮಿದುಳು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಬಾಕ್ಸ್ ಚಿಕ್ಕದಿರಬೇಕು, ತೀರಾ ಕೆಳಗೆ ಇಳಿಯಬೇಕು, ಜೋರಾಗಿಯೂ ಇರಬೇಕು ಅಂದರೆ ಆಗದ ಮಾತು. ಮೂರರಲ್ಲಿ ಎರಡು ಆರಿಸಿಕೊಳ್ಳಬೇಕು. ನಾನು ಚಿಕ್ಕದು ಮತ್ತು ಜೋರು ಆರಿಸಿಕೊಂಡೆ.

ಒಂದೇ 12 ಇಂಚಿನ ಬಾಕ್ಸಿನಲ್ಲಿ ಎರಡು ವರ್ಷ ನಡೆಸಿದೆ. ಕಲ್ಯಾಣ ಮಂಟಪಕ್ಕೆ ಧಾರಾಳ ಸಾಕು. ಬಯಲಿನಲ್ಲಿ, ಕೈಭಾರದ ಡ್ರಮ್ಮರ್ ಪಕ್ಕದಲ್ಲಿ, ಸಾಲದು. ಎರಡನೆಯದು ಬೇಕಾಯಿತು. ಇಲ್ಲೇ ಓಮ್ ಲೆಕ್ಕ ಬರುವುದು. 8 ಓಮ್‌ನ ಎರಡು ಬಾಕ್ಸ್ ಒಟ್ಟಿಗೆ ಜೋಡಿಸಿದರೆ ಹೆಡ್‌ಗೆ ಕಾಣುವುದು 4 ಓಮ್. ನನ್ನ ಹೆಡ್ ತಡೆಯುವುದೂ ಅಷ್ಟೇ. ಮೊದಲೇ 4 ಓಮ್‌ನ ಬಾಕ್ಸ್ ಕೊಂಡಿದ್ದರೆ ಎರಡನೆಯದು ಸೇರಿಸುವ ದಾರಿಯೇ ಮುಚ್ಚುತ್ತಿತ್ತು. ಮೊದಲ ಬಾಕ್ಸ್ 8 ಓಮ್‌ನದೇ ಇರಲಿ ಅಂತ ಆಗ ಯಾರೋ ಹಿರಿಯರು ಹೇಳಿದ್ದನ್ನು ಕೇಳಿದ್ದು ನನ್ನ ಪುಣ್ಯ. 300ರಿಂದ 500 ವ್ಯಾಟಿಗೆ ಹೋದರೆ ಸಿಗುವುದು ಬರೀ 2 ಡೆಸಿಬೆಲ್ ಚಿಲ್ಲರೆ. ಆದರೆ ಗಾಳಿ ತಳ್ಳುವ ಕೋನ್ ಎರಡಾದದ್ದಕ್ಕೆ ಕೆಳದನಿಯಲ್ಲಿ ಇನ್ನೊಂದು 3 ಸಿಗುತ್ತದೆ. ಎರಡೂ ಸೇರಿ 5. ಇದು ಕಿವಿಗೂ ಗೊತ್ತಾಗುತ್ತದೆ, ಡ್ರಮ್ಮರಿಗೂ ಗೊತ್ತಾಗುತ್ತದೆ.

ಹೊಸ ಬಾಕ್ಸಿಗೆ ದುಡ್ಡಿರಲಿಲ್ಲ. ಎಮಿನೆನ್ಸ್ ಕಂಪನಿಯ ಡೆಲ್ಟಾಲೈಟ್ 2512 ಸ್ಪೀಕರ್ ಒಂದು ಸಿಕ್ಕಿತು: 8 ಓಮ್, 250 ವ್ಯಾಟ್, ನಿಯೊಡಿಮಿಯಂ ಮ್ಯಾಗ್ನೆಟ್, ಹಾಗಾಗಿ ಎತ್ತಿದರೆ ಆಶ್ಚರ್ಯವಾಗುವಷ್ಟು ಹಗುರ. ಪೆಟ್ಟಿಗೆ ಎಷ್ಟು ಲೀಟರ್, ಗಾಳಿ ಬಿಡುವ ಪೋರ್ಟ್ ಎಷ್ಟು ಉದ್ದ ಅನ್ನುವುದನ್ನು ಈಗ ಯಾರೂ ಊಹಿಸಬೇಕಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಲೆಕ್ಕವನ್ನು ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ಬೆಳೆಸಿದರು. ಸ್ಪೀಕರ್ ಡೇಟಾಶೀಟಿನಲ್ಲಿ ಅವರಿಬ್ಬರ ಹೆಸರಿನ ನಂಬರುಗಳೇ ಇರುತ್ತವೆ, ಅವನ್ನು ವಿನ್‌ಐಎಸ್‌ಡಿ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ತುಂಬಿದರೆ ಅಳತೆ ಬರುತ್ತದೆ. ಅದನ್ನು ಹಾಳೆಯಲ್ಲಿ ಬರೆದು ಆಚಾರ್ರ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

‘ಏನ್ ಸಾರ್ ಇದು, ಕೋಳಿ ಗೂಡಾ?’

‘ಇಲ್ಲ ಆಚಾರ್ರೇ, ಸ್ಪೀಕರ್ ಬಾಕ್ಸು. ಗಾಳಿ ಎಲ್ಲೂ ಸೋರಬಾರದು.’

‘ಮತ್ತೆ ಮುಂದೆ ಇಷ್ಟ್ ದೊಡ್ಡ ತೂತ ಯಾಕ್ ಬರೆದಿದ್ದೀರಿ?’

ಒಳ್ಳೆಯ ಪ್ರಶ್ನೆ. ಆ ತೂತಿನಿಂದ ಮಾತ್ರ ಗಾಳಿ ಹೋಗಬೇಕು ಅಂತ ವಿವರಿಸಲು ಒಂದು ಕಾಫಿ ಖರ್ಚಾಯಿತು. ಕೆಲಸ ಮಾತ್ರ ಅಚ್ಚುಕಟ್ಟು. ಒಳ್ಳೆಯ ಪ್ಲೈವುಡ್, ಮೂಲೆಗಳಿಗೆಲ್ಲ ಒಳಗಡೆ ರೀಪರ್, ಅಂಟು ಒಣಗುವ ತನಕ ಮುಟ್ಟಗೊಡಲಿಲ್ಲ.

ಸೋಲ್ಡರ್ ಮಾಡಿದ್ದು ನಾನು. ಎಡವಟ್ಟಾದದ್ದು ಅಲ್ಲೇ. ಹೊಸ ಬಾಕ್ಸ್ ಒಂದೇ ಹಾಕಿ ಕೇಳಿದೆ, ಸೊಗಸು. ಹಳೆಯದು ಒಂದೇ, ಅದೂ ಸೊಗಸು. ಎರಡನ್ನೂ ಒಂದರ ಮೇಲೊಂದು ಇಟ್ಟು ನಂಜನಗೂಡಿನ ಹತ್ತಿರದ ಒಂದು ಶೋಗೆ ಹೋದರೆ ಬೇಸೇ ಇಲ್ಲ! ನಾಬ್ ತಿರುಗಿಸಿದಷ್ಟೂ ಟಕಟಕ ಅನ್ನುತ್ತದೆಯೇ ಹೊರತು ದಪ್ಪ ದನಿ ಹೊರಡುವುದಿಲ್ಲ. ಕೀಬೋರ್ಡಿನವರು ನನ್ನ ಮುಖ ನೋಡಿದರು, ನಾನು ಹೆಡ್‌ನ ಮುಖ ನೋಡಿದೆ. ಕೊನೆಗೆ ಒಂದು ಬಾಕ್ಸಿನ ವೈರ್ ಕಿತ್ತ ಕ್ಷಣಕ್ಕೆ ಬೇಸ್ ವಾಪಸ್ ಬಂತು. ಪ್ಲಸ್ ಮೈನಸ್ ಅದಲು ಬದಲಾಗಿ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ನುಂಗುತ್ತಿತ್ತು. ಮನೆಗೆ ಬಂದು 9 ವೋಲ್ಟ್ ಬ್ಯಾಟರಿ ಹಿಡಿದು ನೋಡಿದೆ. ಪ್ಲಸ್‌ಗೆ ಪ್ಲಸ್ ತಾಗಿಸಿದರೆ ಕೋನ್ ಹೊರಕ್ಕೆ ನೆಗೆಯಬೇಕು, ನನ್ನದು ಒಳಕ್ಕೆ ಸರಿಯಿತು. ಬೇರೆ ಬೇರೆ ಕಡೆ ತಯಾರಾದ ಎರಡು ಬಾಕ್ಸ್ ಜೋಡಿಸುವವರು ಮೊದಲು ಈ ಬ್ಯಾಟರಿ ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ, ಒಂದು ರಾತ್ರಿಯ ಮಾನ ಉಳಿಯುತ್ತದೆ.

ವೈರ್ ಅಂದಾಗ ನೆನಪಾಯಿತು, ಗಿಟಾರ್ ಕೇಬಲನ್ನು ಹೆಡ್‌ಗೂ ಬಾಕ್ಸಿಗೂ ನಡುವೆ ಹಾಕಬೇಡಿ. ಒಳಗಿನ ತಂತಿ ಕೂದಲಷ್ಟು, ಬಿಸಿಯಾಗುತ್ತದೆ. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಪ್ಲಗ್ ಇದ್ದರೆ ಅದೇ ಒಳ್ಳೆಯದು, ಯಾರೋ ಎಡವಿದರೂ ಕಿತ್ತು ಬರುವುದಿಲ್ಲ.

ಇನ್ನು ಕುರ್ಚಿ. ಈ ಸೆಟ್ಟಿನ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಭಾಗ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ. ಸ್ಟೇಜಿನಲ್ಲಿ ಬಾಕ್ಸನ್ನು ನೆಲದ ಮೇಲಿಟ್ಟರೆ ಅದು ನುಡಿಸುವುದು ನನ್ನ ಮೊಣಕಾಲಿಗೆ. ನಡು ದನಿ ನೇರಕ್ಕೆ ಹೋಗುವ ಸ್ವಭಾವದ್ದು, ಕಿವಿಗೆ ಬರುವುದು ಬರೀ ಗುಂಯ್. ಮೇಲಾಗಿ ಹಲಗೆ ಜೋಡಿಸಿದ ಸ್ಟೇಜ್ ಟೊಳ್ಳು, ಅದೂ ಒಂದು ತಮಟೆಯ ಹಾಗೆ ಜೊತೆ ಸೇರುತ್ತದೆ. ಒಂದು ಬಾಕ್ಸ್ ಕುರ್ಚಿಯ ಮೇಲೆ ಇಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಎರಡೂ ತೊಂದರೆ ಅರ್ಧಕ್ಕೆ ಇಳಿಯುತ್ತವೆ. ಹಗ್ಗದಲ್ಲಿ ಕಟ್ಟುವುದು ಮರೆಯಬೇಡಿ, ಅದುರಿ ಅದುರಿ ಮುಂದಕ್ಕೆ ನಡೆದು ಬರುತ್ತದೆ.

ಸೌಂಡಿನವರ ಜೊತೆ ಜಗಳ ನಿಂತದ್ದೂ ಆಗಲೇ. ‘ಅಣ್ಣಾ, ನಿಮ್ ಬಾಕ್ಸ್ ಕಮ್ಮಿ ಮಾಡ್ಕೊಳ್ಳಿ, ಮೈಕಿಗೆ ನುಗ್ತಾ ಇದೆ’ ಅಂತ ಪ್ರತಿ ಊರಿನಲ್ಲೂ ಒಂದೇ ಪಲ್ಲವಿ ಇತ್ತು. ಜನಕ್ಕೆ ಕೇಳಿಸುವುದು ಅವರ ದೊಡ್ಡ ಸ್ಪೀಕರುಗಳು, ನನ್ನ ಬಾಕ್ಸ್ ಇರುವುದು ನನಗೂ ಡ್ರಮ್ಮರಿಗೂ ಕೇಳಲಿಕ್ಕೆ. ಇದು ಒಪ್ಪಿಗೆಯಾಗಲು ನನಗೆ ವರ್ಷಗಳೇ ಬೇಕಾದವು. ಹೆಡ್‌ನ ಹಿಂದಿನ ಲೈನ್ ಔಟಿನಿಂದ ಅವರಿಗೊಂದು ಕೇಬಲ್ ಕೊಡುತ್ತೇನೆ, ಪಕ್ಕದ ಸ್ವಿಚ್ಚನ್ನು ‘ಪ್ರೀ’ಗೆ, ಅಂದರೆ ಈಕ್ಯೂಗೆ ಮೊದಲಿನ ದನಿಗೆ, ಹಾಕಿರುತ್ತೇನೆ. ಆಗ ನಾನು ಸ್ಟೇಜಿನಲ್ಲಿ ಈಕ್ಯೂ ನಾಬ್ ತಿರುಗಿಸಿದರೆ ಅವರ ಕಡೆ ಏನೂ ಬದಲಾಗುವುದಿಲ್ಲ. ಹೇಗೂ ರಾತ್ರಿ ಹತ್ತಕ್ಕೆ ಮೈಕ್ ಬಂದ್, ಇರುವ ಎರಡೂವರೆ ಗಂಟೆಯಲ್ಲಿ ಜಗಳಕ್ಕೆ ಸಮಯವಾದರೂ ಎಲ್ಲಿ?

ಅದೇ ಲೈನ್ ಔಟಿನ ಪಕ್ಕ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಆ ಕೇಬಲಿನ ಅರ್ಥ್ ಸಂಪರ್ಕವನ್ನಷ್ಟೇ ಬಿಡಿಸುವಂಥದ್ದು. ಆರು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕಾಪಾಡಿದ್ದು ಅದು. ನಮ್ಮ ಕರೆಂಟು 50 ಹರ್ಟ್ಜ್, ಬೇಸ್‌ನ ಇ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಜ್. ಹಮ್ (ಕರೆಂಟಿನಿಂದ ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದು) ಇದ್ದಾಗ ಜಿ ಎಳೆದು ನಿಲ್ಲಿಸಿದರೆ ಎರಡೂ ಸೇರಿ ಸೆಕೆಂಡಿಗೊಮ್ಮೆ ಊಂ... ಊಂ... ಅಂತ ತೂಗಾಡುತ್ತವೆ. ಜನರೇಟರ್ ಮೇಲೆ ಓಡುವ ಶೋನಲ್ಲಿ ಆ ತೂಗಾಟದ ವೇಗ ಬದಲಾಗುವುದನ್ನೂ ಕೇಳಿದ್ದೇನೆ. ಸ್ವಿಚ್ ಒತ್ತಿದರೆ ಬಹುಪಾಲು ಸಲ ಹೋಗುತ್ತದೆ. ಹೋಗದಿದ್ದರೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ, ಒದ್ದೆ ಸ್ಟೇಜು, ಕೈಯಲ್ಲಿ ಲೋಹದ ತಂತಿ, ಮುಂದೆ ತುಟಿಗೆ ತಾಗುವ ಮೈಕು.

ಯಾರಿಗೆ ಹೇಳಿ ಮಾಡಿಸಿದ್ದು ಇದು? ನಾಲ್ಕು ತಂತಿಯ ಬೇಸ್, ಮಂಟಪ, ಊರ ಸ್ಟೇಜು, ಒಂದು ವ್ಯಾನಿಗೆ ಎಂಟು ಜನ: ಇಂಥವರಿಗೆ ಸಲೀಸು. ಐದು ತಂತಿ ನುಡಿಸಿ ಕೆಳಗಿನ ಬಿ, ಅಂದರೆ 31 ಹರ್ಟ್ಜ್, ಹೊಟ್ಟೆಯಲ್ಲಿ ನಡುಗಬೇಕು ಅನ್ನುವವರಿಗೆ ಇಂಥ ಎರಡು ಪುಟ್ಟ ಬಾಕ್ಸ್ ನಿರಾಸೆ ತರುತ್ತವೆ. 360, 800 ಎರಡರ ನಡುವೆ ಬೇಕಾದಲ್ಲಿ ನಿಲ್ಲಿಸುವ ನಾಬ್ ಇದ್ದಿದ್ದರೆ ನನಗೆ ಇನ್ನೂ ಖುಷಿ. ಅದನ್ನು ಬಿಟ್ಟರೆ ಹೆಡ್ ಒಂದು ದಿನವೂ ಕೈಕೊಟ್ಟಿಲ್ಲ. ಸೀಸನ್ ಮುಗಿದ ಮೇಲೆ ಫ್ಯಾನಿನ ಜಾಲರಿಗೆ ಬ್ರಷ್ ಹಾಕುತ್ತೇನೆ, ಜಾತ್ರೆಯ ಧೂಳು ಒಂದು ಹಿಡಿ ಬರುತ್ತದೆ.

ಆಚಾರ್ರ ಬಾಕ್ಸಿನ ಒಂದು ಮೂಲೆ ಕಳೆದ ತಿಂಗಳು ವ್ಯಾನಿನ ಬಾಗಿಲಿಗೆ ಬಡಿದು ಪ್ಲೈ ಬಿಟ್ಟುಕೊಂಡಿದೆ. ತೆಗೆದುಕೊಂಡು ಹೋಗಿ ತೋರಿಸಿದೆ. ‘ಕೋಳಿ ಗೂಡು ಇನ್ನೂ ಇಟ್ಕೊಂಡಿದ್ದೀರಾ ಸಾರ್?’ ಅಂದರು. ದಸರಾ ಕಳೆದ ಮೇಲೆ ಮಾಡಿಕೊಡುತ್ತಾರಂತೆ.