ನಾಣ್ಯಕ್ಕೆ ಗ್ರೇಡಿಂಗ್ ಮಾಡಿಸಿ ಆರು ವರ್ಷ: ಅಮ್ಮನ ಹುಣಸೆಹುಳಿ ನನಗೆ ಕಲಿಸಿದ್ದು

ಆರು ವರ್ಷದಲ್ಲಿ ಹದಿನಾಲ್ಕು ನಾಣ್ಯ ಗ್ರೇಡಿಂಗಿಗೆ ಕಳಿಸಿದ್ದೇನೆ. ಹನ್ನೊಂದು ನಮ್ಮ ದೇಶದ್ದೇ ಒಂದು ಕಂಪನಿಗೆ, ಮೂರು ಏಜೆಂಟರ ಕೈಯಲ್ಲಿ ಅಮೆರಿಕಕ್ಕೆ. ಹೆಸರು ಬೇಡ, ಸುಮ್ನೆ ಜಗಳ. ಗ್ರೇಡಿಂಗ್ ಅಂದರೆ ನಾಣ್ಯ ಅಸಲಿಯೋ, ಎಷ್ಟು ಸವೆದಿದೆ ಅಂತ ಕಂಪನಿಯವರು ನೋಡಿ ದರ್ಜೆ ಕೊಡುವುದು, ಸ್ಲ್ಯಾಬ್ ಅಂದರೆ ದರ್ಜೆಯ ಚೀಟಿ ಸಮೇತ ನಾಣ್ಯವನ್ನು ಮುಚ್ಚಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ನಾನು ಬರೆಯಲು ಕೂತದ್ದೇ ಒಂದು ನಾಣ್ಯದ ಹೊಟ್ಟೆಯುರಿಯಿಂದ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸಣ್ಣ ಅಡಿಕೆ ತೋಟ, ಜೊತೆಗೆ ಸೊಸೈಟಿಯಲ್ಲಿ ಗುಮಾಸ್ತನ ಕೆಲಸ. ಅಜ್ಜನ ಕಾಲದ ಒಂದು ಹಲಸಿನ ಮರದ ಪೆಟ್ಟಿಗೆ ಉಂಟು. ಅದರಲ್ಲಿ ಕೆಂಪು ಬಟ್ಟೆಯ ಗಂಟು, ಗಂಟಿನಲ್ಲಿ ಇಪ್ಪತ್ತೊಂದು ಬೆಳ್ಳಿ ರೂಪಾಯಿ. ವಿಕ್ಟೋರಿಯಾ ರಾಣಿಯದ್ದು, ಎಡ್ವರ್ಡನದ್ದು, ಜಾಸ್ತಿ ಇರುವುದು ಐದನೇ ಜಾರ್ಜನದ್ದು. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ಬರುತ್ತವೆ, ಮರುದಿನ ಒಳಗೆ ಹೋಗುತ್ತವೆ. ಚಿಕ್ಕವನಿದ್ದಾಗ ಅವನ್ನು ಸಾಲಾಗಿ ಜೋಡಿಸುವ ಕೆಲಸ ನನ್ನದು. ಅದಕ್ಕೂ ಮೊದಲಿನ ಕೆಲಸ ಅಮ್ಮನದ್ದು, ಅದರ ವಿಷಯ ಆಮೇಲೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದನ್ನು ಕೊಂಡ ವರ್ಷ, ಗಂಟನ್ನು ಬಿಚ್ಚಿ ಜಗಲಿಯಲ್ಲಿ ಕೂತು ಒಂದೊಂದನ್ನೇ ನೋಡಿದೆ. ಹದಿಮೂರನೆಯದೋ ಹದಿನಾಲ್ಕನೆಯದೋ ಇರಬೇಕು, ಇಸವಿ ನೋಡಿ ಕೈ ನಡುಗಿತು. 1911. ಹಂದಿ ರೂಪಾಯಿ!

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1911ರಲ್ಲಿ ಐದನೇ ಜಾರ್ಜನ ರೂಪಾಯಿ ಬಂದಾಗ ರಾಜನ ನಿಲುವಂಗಿಯ ಮೇಲೆ ಒಂದು ಆನೆ ಇತ್ತು. ಸೊಂಡಿಲು ಎಷ್ಟು ಗಿಡ್ಡವಾಗಿ ಕೆತ್ತಿದ್ದರೆಂದರೆ ನೋಡಿದವರಿಗೆ ಅದು ಹಂದಿಯ ಹಾಗೆ ಕಂಡಿತು. ಜನರಿಂದ ದೊಡ್ಡ ಆಕ್ಷೇಪ ಬಂತು. ಸರಕಾರ ಹೆದರಿ ಆ ರೂಪಾಯಿಯನ್ನು ಹಿಂದೆ ತೆಗೆದುಕೊಂಡಿತು, ಬಹುಪಾಲು ಕರಗಿಸಿತು. 1912ರದ್ದರಲ್ಲಿ ಆನೆಗೆ ಸರಿಯಾದ ಸೊಂಡಿಲು ಉಂಟು. ಹಾಗಾಗಿ ಅದೇ ರಾಜ, ಅದೇ ಬೆಳ್ಳಿ, ಅದೇ 11.66 ಗ್ರಾಂ ತೂಕ ಆದರೂ 1911ರದ್ದಕ್ಕೆ ಬೇರೆ ಮರ್ಯಾದೆ. ಲೂಪಿನಲ್ಲಿ ಹುಡುಕಿದೆ. ಸಾಸಿವೆ ಕಾಳಿಗಿಂತ ಚೂರು ದೊಡ್ಡದು ಅಷ್ಟೆ, ಆದರೆ ಅಲ್ಲೇ ಇತ್ತು, ನಮ್ಮ ತೋಟಕ್ಕೆ ನುಗ್ಗುವ ಹಂದಿಗಿಂತ ಸ್ವಲ್ಪ ಸಾಧು ಮುಖ.

ಅದನ್ನೂ ಗಂಟಿನದ್ದಲ್ಲದ ಬೇರೆ ಐದು ಮಾಮೂಲು ಜಾರ್ಜ್ ರೂಪಾಯಿಗಳನ್ನೂ ಸೇರಿಸಿ ಕಳಿಸಿದೆ. ಆಗ ಒಂದು ನಾಣ್ಯಕ್ಕೆ 1200 ರೂಪಾಯಿ ಫೀಸು, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಕಿಲೋ ಅಡಿಕೆ. ಪಾರ್ಸೆಲ್ ಕಳಿಸುವುದೇ ಒಂದು ರಗಳೆ. ಮೊದಲು ಹೋದ ಕೊರಿಯರಿನವರು ನಾಣ್ಯ ಅಂದ ಕೂಡಲೇ ಕೈಯೆತ್ತಿದರು. ಕೊನೆಗೆ ಪೋಸ್ಟಾಫೀಸು. ಕೌಂಟರಿನಲ್ಲಿದ್ದವರು ಮಲಯಾಳದಲ್ಲಿ ಒಳಗೆ ಏನು ಅಂತ ಕೇಳಿದರು, ನಾನು "ನಾಣಯಂ" ಅಂದೆ, ಅವರು ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು! ಅಲ್ಲಾಡಿಸಿದಾಗ ಸದ್ದು ಬಂದರೆ ಕಟ್ಟಿದ್ದು ಸರಿಯಾಗಿಲ್ಲ ಅಂತ ಅರ್ಥ. ಅದು ಅವರು ನನಗೆ ಕೊಟ್ಟ ಒಳ್ಳೆಯ ಪಾಠ. ಈಗ ಒಂದೊಂದನ್ನೂ ರಟ್ಟಿನ ಚೌಕದಲ್ಲಿಟ್ಟು, ಎರಡು ರಟ್ಟಿನ ನಡುವೆ ಟೇಪು ಸುತ್ತಿ, ನಾನೇ ಮೊದಲು ಅಲ್ಲಾಡಿಸಿ ನೋಡುತ್ತೇನೆ.

ಎರಡೂವರೆ ತಿಂಗಳ ಮೇಲೆ ವಾಪಸು ಬಂತು. ಐದು ಮಾಮೂಲು ರೂಪಾಯಿಗೂ ವಿಎಫ್, ಅಂದರೆ ಚೆನ್ನಾಗಿ ಓಡಾಡಿದ ನಾಣ್ಯ, ಪರವಾಗಿಲ್ಲ ಎನ್ನುವ ದರ್ಜೆ. 1911ರದ್ದರ ಚೀಟಿಯಲ್ಲಿ ದರ್ಜೆಯ ಸಂಖ್ಯೆಯೇ ಇಲ್ಲ. "ಎಯು ಡೀಟೇಲ್ಸ್, ಕ್ಲೀನ್ಡ್" ಅಂತ ಬರೆದಿತ್ತು. ಸವೆತ ನೋಡಿದರೆ ಹೆಚ್ಚುಕಮ್ಮಿ ಹೊಸದು, ಆದರೆ ಯಾರೋ ತಿಕ್ಕಿದ್ದಾರೆ, ಹಾಗಾಗಿ ಸಂಖ್ಯೆ ಕೊಡುವುದಿಲ್ಲ ಅಂತ.

ಯಾರೋ ಏನು ಬಂತು, ಅಮ್ಮ! ದೀಪಾವಳಿಯ ಹಿಂದಿನ ದಿನ ಹುಣಸೆಹುಳಿ ನೆನೆಹಾಕಿ, ಒಲೆಯ ಬೂದಿ ಸೇರಿಸಿ, ತೆಂಗಿನ ನಾರಿನಲ್ಲಿ ಇಪ್ಪತ್ತೊಂದನ್ನೂ ಬೆಳ್ಳಗೆ ತಿಕ್ಕುವುದು. ಅಮ್ಮನಿಗಿಂತ ಮೊದಲು ಅಜ್ಜಿ, ಅಜ್ಜಿಗಿಂತ ಮೊದಲು ಅವರ ಅತ್ತೆ ಇರಬೇಕು. ನೂರು ದೀಪಾವಳಿಯ ತಿಕ್ಕಾಟ ಆ ಚೀಟಿಯ ಒಂದು ಶಬ್ದದಲ್ಲಿ ಕೂತಿತ್ತು.

ಮೊದಲು ಕಂಪನಿಯ ಮೇಲೆ ಸಿಟ್ಟು ಬಂತು. ಕ್ಯಾಕರಿಸಿ ಒಂದು ಮೇಲ್ ಬರೆದೆ, ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು, ನಾನು ಒಪ್ಪಲಿಲ್ಲ. ಆಮೇಲೊಂದು ದಿನ ಕರೆಂಟು ಹೋಗಿ ಬಂದ ರಾತ್ರಿ, ಒಂದೇ ಒಂದು ಬಲ್ಬಿನ ಕೆಳಗೆ ಆ ಸ್ಲ್ಯಾಬನ್ನು ಓರೆಯಾಗಿ ಹಿಡಿದು ತಿರುಗಿಸಿ ನೋಡಿದೆ. ಪಕ್ಕದಲ್ಲಿ ತಿಕ್ಕದ ಒಂದು ನಾಣ್ಯ ಇಟ್ಟುಕೊಂಡಿದ್ದೆ. ತಿಕ್ಕದ ನಾಣ್ಯದಲ್ಲಿ ಬೆಳಕು ಗಾಡಿಯ ಚಕ್ರದ ಅರಗಳ ಹಾಗೆ ಸುತ್ತುತ್ತದೆ. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ಅಂಚಿನ ಕಡೆಗೆ ಹರಿದ ಗೆರೆಗಳ ಹೊಳಪು ಅದು, ಒಮ್ಮೆ ಹೋದರೆ ಯಾವ ಪಾಲಿಶಿನಿಂದಲೂ ವಾಪಸು ಬರುವುದಿಲ್ಲ. ನಮ್ಮ 1911ರಲ್ಲಿ ಬೆಳಕು ಸುತ್ತಲಿಲ್ಲ. ಇಡೀ ನಾಣ್ಯ ಒಟ್ಟಿಗೆ ಮಿಂಚಿತು, ಒಟ್ಟಿಗೆ ಆರಿತು. ಲೂಪ್ ಇಟ್ಟರೆ ರಾಜನ ಕೆನ್ನೆಯಿಂದ ಅಂಚಿನವರೆಗೆ ಕೂದಲಿನಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ, ಬಲಗೈಯವರು ತಿಕ್ಕಿದ ದಿಕ್ಕಿಗೆ. ಕಂಪನಿ ಸರಿಯಾಗಿಯೇ ಹೇಳಿತ್ತು. ಸಿಟ್ಟು ಇಳಿಯಿತು, ಹೊಟ್ಟೆಯುರಿ ಮಾತ್ರ ಹಾಗೆಯೇ ಉಂಟು.

ಅಮ್ಮನಿಗೆ ಹೇಳಿದೆ. "ಅಲ್ಲ ಮಗ, ಕರಿ ಹಿಡಿದ ದುಡ್ಡನ್ನು ದೇವರ ಎದುರು ಇಡುವುದು ಹೇಗೆ?" ಅಂದರು. ಉತ್ತರ ಎಂತ ಕೊಡುವುದು? ಆ ಕರಿಯೇ ಬೆಲೆ ಅಂತ ಹೇಳಲು ಬಾಯಿ ಬರಲಿಲ್ಲ.

ಒಟ್ಟಿಗೆ ಕಳಿಸಿದ ಐದು ರೂಪಾಯಿಗಳದ್ದು ಶುದ್ಧ ದಡ್ಡತನ, ಅದಕ್ಕೆ ಅಮ್ಮನನ್ನು ದೂರುವ ಹಾಗಿಲ್ಲ. 1918ರದ್ದು, 1919ರದ್ದು ಎಲ್ಲ ಬೇಕಾದಷ್ಟು ಸಿಗುತ್ತವೆ. ಆ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಅಂದರೆ ಹತ್ತಿರ ಹತ್ತಿರ 10.7 ಗ್ರಾಂ. ಸವೆದ ಮಾಮೂಲು ನಾಣ್ಯ ಬಿಕರಿಯಾಗುವುದು ಆ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ. ಅದಕ್ಕೆ 1200 ಕೊಟ್ಟು ಪ್ಲಾಸ್ಟಿಕ್ ಅಂಗಿ ತೊಡಿಸಿದರೆ ಮಂಗಳೂರಿನ ವ್ಯಾಪಾರಿ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. "ಒಡೆದು ತೂಗಬೇಕಲ್ಲ" ಅಂತ ಗೊಣಗಿದ. 1940ರಿಂದ ಈಚಿನ ಆರನೇ ಜಾರ್ಜನ ಬೆಳ್ಳಿ ರೂಪಾಯಿ ಆದರೆ ಇನ್ನೂ ಕಷ್ಟ, ಅದರಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ.

ಅಮೆರಿಕದ ಅನುಭವ ಬೇಗ ಮುಗಿಸುತ್ತೇನೆ. 1947ರ ನಿಕ್ಕಲ್ ರೂಪಾಯಿ, ಹಿಂದೆ ಹುಲಿ ಇರುವುದು, ಒಂಬೈನೂರಕ್ಕೆ ಕೊಂಡದ್ದು. ಏಜೆಂಟರ ಕಮಿಷನ್ ಸೇರಿ ನಾಲ್ಕೂವರೆ ಸಾವಿರ ಖರ್ಚು, ಒಂಬತ್ತು ತಿಂಗಳು ಕಾಯುವುದು. ಎಂಎಸ್ 64 ಬಂತು, ಎಂಎಸ್ ಅಂದರೆ ಓಡಾಡದ, ಸವೆಯದ ನಾಣ್ಯ, ಕುಣಿದೆ. ಮಾರಿದ್ದು ಐದು ಸಾವಿರದ ಇನ್ನೂರಕ್ಕೆ. ಕುಣಿದದ್ದಕ್ಕೆ ಇನ್ನೂರು ರೂಪಾಯಿ ಟಿಕೆಟ್. ಉಳಿದ ಎರಡರ ಲೆಕ್ಕ ಬರೆಯಲು ಮನಸ್ಸಿಲ್ಲ. ಅಂದ ಹಾಗೆ 64 ಅಂದರೆ ನೂರಕ್ಕೆ ಅಂತ ತಿಳಿಯಬೇಡಿ, ನನ್ನ ಭಾವನಿಗೆ ಅದು ಈಗಲೂ ಬರೇ ಫಸ್ಟ್ ಕ್ಲಾಸ್. ಇದು ಎಪ್ಪತ್ತಕ್ಕೆ. 1949ರಲ್ಲಿ ಶೆಲ್ಡನ್ ಅನ್ನುವವರು ಅಮೆರಿಕದ ಹಳೇ ತಾಮ್ರದ ಸೆಂಟುಗಳಿಗೆ ಮಾಡಿದ ಲೆಕ್ಕ ಅದು, ಒಂದನೇ ದರ್ಜೆಯ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಎಪ್ಪತ್ತನೇ ದರ್ಜೆಯದ್ದಕ್ಕೆ ಅಂತ. ಬೆಲೆಯ ಲೆಕ್ಕ ಯಾವತ್ತೋ ಬಿದ್ದುಹೋಗಿದೆ, ಎಪ್ಪತ್ತು ಮಾತ್ರ ನಿಂತಿದೆ.

ಹೊರದೇಶಕ್ಕೆ ಕಳಿಸುವ ಆಸೆ ಇದ್ದವರು ಒಂದು ವಿಷಯ ದಯವಿಟ್ಟು ಗಮನಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. "ಏನೂ ಆಗುವುದಿಲ್ಲ ಸಾರ್, ಎಲ್ಲರೂ ಕಳಿಸ್ತಾರೆ" ಅಂತ ಹೇಳುವ ಏಜೆಂಟರು ಇದ್ದಾರೆ. ನನಗೂ ಒಬ್ಬರು ಹೇಳಿದರು. ವಿಕ್ಟೋರಿಯಾ, ಎಡ್ವರ್ಡ್, ಟಿಪ್ಪುವಿನ ಆನೆ ಪೈಸೆ, ಇಕ್ಕೇರಿ ವರಹ ಯಾವುದೇ ಇರಲಿ, ನಮ್ಮ ದೇಶದ ಒಳಗೇ ಮುಗಿಸಿಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ನಾನು ಗ್ರೇಡಿಂಗ್ ಬಿಟ್ಟಿಲ್ಲ. ಕಾರಣ ಒಂದು 1939ರ ರೂಪಾಯಿ. ಆ ಇಸವಿಯದ್ದು ತುಂಬಾ ಅಪರೂಪ ಅಂತ ಈ ಹುಚ್ಚು ಇರುವವರಿಗೆಲ್ಲ ಗೊತ್ತು. ಪರಿಚಯದವರ ಪರಿಚಯದವರೊಬ್ಬರು ಹದಿನೆಂಟು ಸಾವಿರಕ್ಕೆ ಕೊಡುತ್ತೇನೆ ಅಂದರು, ಅವಸರಕ್ಕೆ ಮಾರುವುದಂತೆ. ತೂಕ ಸರಿ, ಸದ್ದು ಸರಿ, ಲೂಪಿನಲ್ಲಿ ನನಗೆ ಎಲ್ಲವೂ ಸರಿ. ಒಂದೇ ಷರತ್ತು ಹಾಕಿದೆ: ಅರ್ಧ ದುಡ್ಡು ಈಗ, ಉಳಿದದ್ದು ಗ್ರೇಡ್ ಆಗಿ ಬಂದ ಮೇಲೆ, ಅಸಲಿ ಅಲ್ಲದಿದ್ದರೆ ಈ ಅರ್ಧವೂ ವಾಪಸು. ಅಸಲಿ 1938ರ ನಾಣ್ಯ, ಕೊನೆಯ ಎಂಟನ್ನು ಕೊರೆದು ಒಂಬತ್ತು ಮಾಡಿದ್ದಾರೆ ಅಂತ ಬಂತು. ಎಂಟರ ಕೆಳಗಿನ ಸುತ್ತಿನ ಎಡಬದಿ ಕೆರೆದಿದ್ದ ಜಾಗವನ್ನು ಅವರು ಕಳಿಸಿದ ದೊಡ್ಡ ಫೋಟೋದಲ್ಲಿ ನೋಡಿದ ಮೇಲೆ ನನಗೂ ಕಂಡಿತು. ಅದಕ್ಕೆ ಮೊದಲು ಐವತ್ತು ಸಲ ನೋಡಿದ್ದರೂ ಕಂಡಿರಲಿಲ್ಲ. ಒಂಬತ್ತು ಸಾವಿರ ವಾಪಸು ಸಿಗಲು ನಾಲ್ಕು ತಿಂಗಳು ಫೋನು ಮಾಡಬೇಕಾಯಿತು, ಆದರೂ ಸಿಕ್ಕಿತು. 1200 ರೂಪಾಯಿ ಅಷ್ಟು ಸಾರ್ಥಕವಾಗಿ ಬೇರೆಲ್ಲೂ ಖರ್ಚಾಗಿಲ್ಲ.

ಇನ್ನೊಂದು ಸುಖ ನಾನು ನಿರೀಕ್ಷಿಸದೇ ಇದ್ದದ್ದು, ಮಳೆಗಾಲದ್ದು. ಜೂನಿನಿಂದ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಮೊದಲು ಅಗ್ಗದ ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿ ಇಟ್ಟಿದ್ದ ಮೈಸೂರಿನ ತಾಮ್ರದ ಕಾಸುಗಳು ಒಂದೇ ವರ್ಷದಲ್ಲಿ ಹಸಿರು ಅಂಟು ಹಿಡಿದಿದ್ದವು. ಸ್ಲ್ಯಾಬಿನಲ್ಲಿ ಇದ್ದವು ಹಾಗೇ ಇವೆ. ಗಾಳಿ ಪೂರ್ತಿ ಹೋಗದ ಪೆಟ್ಟಿಗೆ ಅಂತ ನಂಬಬೇಡಿ, ತಾಮ್ರ ನಿಧಾನಕ್ಕೆ ಬಣ್ಣ ತಿರುಗಿಯೇ ತಿರುಗುತ್ತದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಊಟವಾಗಿ ಅಮ್ಮ ಒರಗಿದ ಮೇಲೆ ಡಬ್ಬಿ ತೆಗೆದು, ಸಿಲಿಕಾ ಜೆಲ್ಲಿನ ಚೀಲಗಳನ್ನು ಕಾವಲಿಯ ಬಿಸಿಯಲ್ಲಿ ಒಣಗಿಸಿ ವಾಪಸು ಇಡುತ್ತೇನೆ, ಇಡುವ ಮೊದಲು ಪ್ರತಿಯೊಂದನ್ನೂ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಏಳು ವರ್ಷದ ಮಗಳು ಪಕ್ಕದಲ್ಲಿ ಕೂತು "ಮಯಿಲಿ ಕಾಸು ಇಪ್ಪತ್ತು" ಅಂತ ಮೈಸೂರಿನ ಕಾಸಿನ ಮೇಲಿನ ಕನ್ನಡ ಅಕ್ಷರ ಓದುತ್ತಾಳೆ. ಚಕ್ಕುಲಿ ತಿಂದ ಕೈಯಲ್ಲೇ ಹಿಡಿದರೂ ಚಿಂತೆ ಇಲ್ಲ, ಪ್ಲಾಸ್ಟಿಕ್ ಒರೆಸಿದರೆ ಆಯಿತು. ಮಾರುವ ಲೆಕ್ಕದಲ್ಲಿ ಇದಕ್ಕೆ ಸೊನ್ನೆ. ನನ್ನ ಲೆಕ್ಕದಲ್ಲಿ ಫೀಸಿನ ಅರ್ಧ ಇದಕ್ಕೇ ಸಂದಿದೆ.

ಈಗ ಕಳಿಸುವ ಮೊದಲು ನಾನು ನೋಡುವುದು ಇಷ್ಟೆ. ಒಂದೇ ಬಲ್ಬಿನ ಕೆಳಗೆ ತಿರುಗಿಸಿ ಗೀರು ಹುಡುಕುತ್ತೇನೆ. ಅಂಚಿನ ಮೇಲುಗಡೆ ಬೆಸುಗೆಯ ಗುರುತು ಉಂಟಾ ನೋಡುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ರೂಪಾಯಿಗಳು ಹೆಂಗಸರ ಕುತ್ತಿಗೆಯ ಸರದಲ್ಲಿದ್ದವು, ಆಚಾರಿ ಕುಣಿಕೆ ಕಿತ್ತ ಜಾಗ ಎಷ್ಟು ಉಜ್ಜಿದರೂ ಕಾಣುತ್ತದೆ, ಅದಕ್ಕೂ ಡೀಟೇಲ್ಸ್ ಚೀಟಿಯೇ. ಎರಡೂ ಇಲ್ಲದಿದ್ದರೆ, ಗ್ರೇಡ್ ಆದ ಅದೇ ಇಸವಿಯ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಅಂತ ಹುಡುಕಿ, ನಾನು ಬಯಸುವ ದರ್ಜೆಗಿಂತ ಎರಡು ಮೆಟ್ಟಿಲು ಕೆಳಗಿನ ಬೆಲೆ ಹಿಡಿದು ಲೆಕ್ಕ ಹಾಕುತ್ತೇನೆ. ಆ ಬೆಲೆಯಲ್ಲೂ ಫೀಸು, ಪೋಸ್ಟು ಹುಟ್ಟಿದರೆ ಮಾತ್ರ ಕಳಿಸುವುದು. ಅಸಲಿಯೋ ನಕಲಿಯೋ ಎನ್ನುವ ಅನುಮಾನ ಇದ್ದರೆ ಈ ಲೆಕ್ಕವೆಲ್ಲ ಬೇಡ, ಕಣ್ಣು ಮುಚ್ಚಿ ಕಳಿಸಿ. ಕಂಪನಿಗೆ ಐದರಲ್ಲಿ ಮೂರೂವರೆ ನಕ್ಷತ್ರ. ಅರ್ಧ ಕಳೆದದ್ದು ಎರಡೂವರೆ ತಿಂಗಳಿಗೆ, ಒಂದು ಕಳೆದದ್ದು ಅನ್ಯಾಯವೇ ಇರಬಹುದು.

ಹಂದಿ ರೂಪಾಯಿಯ ವಿಷಯ ಬಾಕಿ ಉಳಿಯಿತು. ಮೊದಲ ವರ್ಷ ಅದನ್ನು ಸ್ಲ್ಯಾಬ್ ಸಮೇತ ಪೂಜೆಗೆ ಇಟ್ಟೆವು. ಇಪ್ಪತ್ತು ರೂಪಾಯಿ ತಟ್ಟೆಯಲ್ಲಿ, ಇದೊಂದು ಬದಿಯಲ್ಲಿ ಗೋಡೆಗೆ ಒರಗಿಕೊಂಡು. ಅಮ್ಮ ಹಾಲು ಹಾಕಲು ಹೋಗಿ ಕೈ ಹಿಂದೆ ತೆಗೆದರು, ಪ್ಲಾಸ್ಟಿಕ್ಕಿನ ಮೇಲೆಯೇ ಕುಂಕುಮ ಹಚ್ಚಿದರು, ಅದು ನಿಲ್ಲಲಿಲ್ಲ. ಇಡೀ ಪೂಜೆ ಅವರ ಕಣ್ಣು ಅಲ್ಲೇ. ಮರುವರ್ಷ ನಾನೇ ಕಟಿಂಗ್ ಪ್ಲೇಯರ್ ತಂದು, ಸ್ಲ್ಯಾಬನ್ನು ಬಟ್ಟೆಯಲ್ಲಿ ಸುತ್ತಿ, ಮೂಲೆಯಿಂದ ಚೂರುಚೂರೇ ಮುರಿದೆ. ನಾಣ್ಯ ತಟ್ಟೆಗೆ ಹೋಯಿತು. ಹುಣಸೆಹುಳಿ ಮಾತ್ರ ಬೇಡ, ಬರೇ ನೀರಿನಲ್ಲಿ ಅದ್ದಿ ತೆಗೆಯಿರಿ ಅಂತ ಹೇಳಿದ್ದೆ. ಹೂಂ ಅಂದಿದ್ದರು. ಸಂಜೆ ನೋಡುವಾಗ ಇಪ್ಪತ್ತೊಂದೂ ಬೆಳ್ಳಗೆ ಹೊಳೆಯುತ್ತಿದ್ದವು.