ಮೇಲಿಂದ ತೆಂಗಿನಕಾಯಿ, ಕೆಳಗಿಂದ ಮಳೆ ನೀರು: ಮಂಗಳೂರಿನಲ್ಲಿ ನನ್ನ ಕಾರ್ ಇನ್ಶೂರೆನ್ಸ್

ಹಲವು ವರ್ಷಗಳಿಂದ ಒಂದೇ ಕಂಪನಿಯಲ್ಲಿ ಕಾರಿಗೆ ಫುಲ್ ಇನ್ಶೂರೆನ್ಸ್ ಮಾಡಿಸುತ್ತಿದ್ದೇನೆ. ಹೆಸರು ಬೇಡ. ಪಾಲಿಸಿ ಒಳ್ಳೆಯದೇ, ಆದರೆ ಬಾಯಿ ಬಿಟ್ಟು ಕೇಳುವವರಿಗೆ.

ನಮ್ಮ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ತೆಂಗಿನ ಗೊನೆಯೇ ಬಿತ್ತು. ಎದುರಿನ ಗಾಜು ಹೋಯಿತು, ಬಾನೆಟ್ ತಗ್ಗಿತು, ಗ್ರಿಲ್ ಒಡೆಯಿತು. ಕಾರು ಅಲುಗಿಸುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿದೆ. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ (ಅಂದರೆ ಭಾಗ ಹಳತಾಯಿತೆಂದು ಹಣ ಕಡಿಯುವುದಿಲ್ಲ), ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50% ಕಡಿಯುತ್ತಾರೆ. ಆ ಕಡಿತ ಬೇಡ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಜೀರೋ ಡೆಪ್ ಹಾಕಿಸಿದ್ದೆ. ಆದರೂ ಮೊದಲ ಲೆಕ್ಕದಲ್ಲಿ ಗ್ರಿಲ್‌ನ ಅರ್ಧ ಹಣ ಮಾಯ!

ಫೋನ್ ಮಾಡಿದರೆ "ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ ಸರ್" ಎಂಬ ಉತ್ತರ. ಯಾವ ಸಿಸ್ಟಮ್ ಮಾರಾಯ್ರೆ? ಹಾನಿಯ ಲೆಕ್ಕ ಹಾಕುವ ಸರ್ವೇಯರ್‌ನ ವರದಿಯ ಪ್ರತಿ ಕೊಡಿ, ಯಾವ ನಿಯಮದ ಪ್ರಕಾರ ಕಡಿದಿರಿ ಬರೆದು ತಿಳಿಸಿ ಎಂದು ಇಮೇಲ್ ಹಾಕಿದೆ. ವರದಿಯ ಪ್ರತಿ ಕೇಳುವುದು ನಮ್ಮ ಹಕ್ಕು. ಆಮೇಲೆ ಲೆಕ್ಕ ಸರಿಯಾಯಿತು. ಪ್ರತಿ ಕ್ಲೈಮ್‌ನಲ್ಲೂ ಇರುವ ಕಡ್ಡಾಯ ಕಡಿತ ಮಾತ್ರ ನಮ್ಮ ಜೇಬಿನಿಂದಲೇ: 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000.

ತಡ ಮಾಡುವುದು ಇವರ ದೊಡ್ಡ ದೋಷ. ಸರ್ವೇಯರ್ ವರದಿ 15 ದಿನದೊಳಗೆ ಬರಬೇಕು, ಬಂದ 7 ದಿನದಲ್ಲಿ ತೀರ್ಮಾನ ಹೇಳಬೇಕು ಎಂದು 2024ರಲ್ಲಿ ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ಹೇಳಿದೆ. ನಮ್ಮದು ಎಳೆಯಿತು. ದೂರಿಗೆ ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ವಿಮೆಯ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಇನ್ನು ಮಳೆ ನೀರು. ಜೂನ್, ಜುಲೈಯಲ್ಲಿ ನಮ್ಮೂರ ಕೊಟ್ಟಾರ ಚೌಕಿಯ ರಸ್ತೆಯಲ್ಲಿ ನೀರು ನಿಲ್ಲುವ ಕಥೆ ಗೊತ್ತಲ್ವಾ? ನೆರೆ ನೀರಿನಿಂದಾದ ಹಾನಿ ಫುಲ್ ಪಾಲಿಸಿಯಲ್ಲಿ ಸೇರಿದೆ, ಬೇರೆಯವರಿಗಾದ ಹಾನಿಗಷ್ಟೇ ಇರುವ ಬರೀ ಥರ್ಡ್ ಪಾರ್ಟಿಯಲ್ಲಿ ಇಲ್ಲ. ಆದರೆ ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಸಿಲಿಂಡರ್‌ಗೆ ಹೋಗಿ ಇಂಜಿನ್ ಜಾಮ್. ಅದು ನೆರೆಯಿಂದಲ್ಲ, ನೀವು ಚಾವಿ ತಿರುಗಿಸಿದ್ದರಿಂದ ಎಂದು ಕ್ಲೈಮ್ ತಳ್ಳುತ್ತಾರೆ. ಈ ವಾದ ಸುಮ್ನೆ ನೆಪ ಅಲ್ಲ, ಅರ್ಥ ಇದೆ. ಚಾವಿ ಮುಟ್ಟದೆ ಟೋ ಮಾಡಿಸಿ. ಈ ಊರಲ್ಲಿ, ನೀರು ನುಗ್ಗಿ ಇಂಜಿನ್ ಕೆಟ್ಟರೆ ಆಗುವ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಹಾಕಿಸದಿರುವುದು ಜಿಪುಣತನ ಎಂದೇ ನನ್ನ ಲೆಕ್ಕ. ಉಪ್ಪು ಗಾಳಿಗೆ ಹಿಡಿದ ತುಕ್ಕಿಗೆ ಮಾತ್ರ ಯಾವ ಪಾಲಿಸಿಯನ್ನೂ ನಂಬಬೇಡಿ.

ನಮ್ಮ ಕಡೆಯಿಂದಲೂ ತಪ್ಪಾಗದಂತೆ ನೋಡಿಕೊಳ್ಳಬೇಕಾದ ಕೆಲವು ವಿಷಯ ಇವೆ. ವೈಟ್ ಬೋರ್ಡ್ ಕಾರನ್ನು ಧರ್ಮಸ್ಥಳಕ್ಕೆ ಬಾಡಿಗೆಗೆ ಓಡಿಸಿದರೆ ಕ್ಲೈಮ್ ಮರೆತುಬಿಡಿ. ಸಿಎನ್‌ಜಿ ಕಿಟ್ ಹಾಕಿಸಿದರೆ ಪಾಲಿಸಿಯಲ್ಲೂ ಬರೆಸಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು 14 ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೈಮ್ ಮಾಡಿಯೂ ಮುಚ್ಚಿಟ್ಟು ಬೇರೆ ಕಂಪನಿಯಲ್ಲಿ ಎನ್‌ಸಿಬಿ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೇಳಬೇಡಿ. ಎನ್‌ಸಿಬಿ 50%ವರೆಗೆ ಏರುತ್ತದೆ, ಪಾಲಿಸಿ ಮುಗಿದು 90 ದಿನ ದಾಟಿದರೆ ಪೂರ್ತಿ ಹೋಗುತ್ತದೆ. ಸಣ್ಣ ಗೀರಿಗೆ ನಾನು ಕ್ಲೈಮ್ ಮಾಡುವುದೇ ಇಲ್ಲ.

5ರಲ್ಲಿ ಮೂರೂವರೆ ಅಂಕ. ಈ ಸಲವೂ ಅಲ್ಲೇ ರಿನ್ಯೂ ಮಾಡಿಸಿದೆ. ಚಾವಿ ಕಳೆದರೆ ಅಂತ ಇನ್ನೊಂದು ಕವರ್ ತಗಲಿಸಲು ನೋಡಿದರು, ಬೇಡ ಅಂದೆ.